ಒಂದು ದಿನ ನಿಮಗಾಗಿ, ದ್ವೀಪದ ದಂಡೆಯಲ್ಲಿ

ರಜೆ ಬಂತೆಂದರೆ ಮಕ್ಕಳಿಗೆ ಆಟ, ಯಜಮಾನರಿಗೆ ನಿದ್ದೆ. ನಿಮಗೆ? ಅದೇ ಒಲೆ, ಅದೇ ಪಾತ್ರೆ! ರಾಮಕುಂಜದ ತವರಿಗೆ ಹೋದರೂ ನೆಂಟರಿಷ್ಟರಿಗೆ ಬಡಿಸುವುದರಲ್ಲೇ ನಾಲ್ಕು ದಿನ ಕಳೆದುಹೋಗುತ್ತದೆ, ಅಲ್ವೇ? ಈ ಸಲ ಅದರಲ್ಲಿ ಒಂದು ದಿನ ನಿಮಗಾಗಿ ಎತ್ತಿಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬನ್ನಿ.

ರಾಮಕುಂಜದಿಂದ ಉಪ್ಪಿನಂಗಡಿ, ಬಿ.ಸಿ. ರೋಡ್, ಮಂಗಳೂರು, ಉಡುಪಿ ದಾಟಿದರೆ ಮಲ್ಪೆ. ಕಾರಿನಲ್ಲಾದರೂ ಮೂರು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೇ ಹೊರಟರೆ ಬಿಸಿಲೇರುವ ಮೊದಲೇ ದೋಣಿ ಹತ್ತಬಹುದು.

ಕಡಲಲ್ಲಿ ಸುಮಾರು ಆರು ಕಿ.ಮೀ. ಹೋದರೆ ತೆಂಗಿನ ಮರಗಳ ಪುಟ್ಟ ದ್ವೀಪ. ಯಾರೋ ಕೆತ್ತಿ ಜೋಡಿಸಿಟ್ಟಂತೆ ಐದು, ಆರು ಮುಖಗಳ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾರಸ ಆರುತ್ತಾ ಕುಗ್ಗಿ, ಬಿರುಕುಬಿಟ್ಟು ಈ ಆಕಾರ ಪಡೆಯಿತು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಗೆ ಬಂದು ಮೇರಿಮಾತೆಯ ಹೆಸರಿಟ್ಟ ಎಂಬ ಪ್ರತೀತಿಯಿದೆ. ಮಕ್ಕಳಿಗೆ ಹೇಳಿ, ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತೆ!

ಹೊರಡುವ ಮುನ್ನ ಇಷ್ಟು ಗಮನಿಸಿ:

* ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಆದರೂ ಕಡಲು ಹೇಗಿದೆ, ದೋಣಿ ಬಿಡುತ್ತಾರಾ ಎಂದು ಹಿಂದಿನ ದಿನವೇ ವಿಚಾರಿಸಿ.

* ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಲಸಬೇಡಿ. ತಿಂಡಿ ದಾರಿಯಲ್ಲಿ, ಊಟ ಉಡುಪಿಯಲ್ಲಿ. ಬ್ಯಾಗಿನಲ್ಲಿ ನೀರು, ಟೊಪ್ಪಿ, ಟವೆಲ್, ಮಕ್ಕಳಿಗೊಂದು ಜೊತೆ ಬಟ್ಟೆ ಇದ್ದರೆ ಸಾಕು.

* ದಂಡೆಯಲ್ಲಿ ಮರಳಿಗಿಂತ ಚಿಪ್ಪು, ಕಲ್ಲೇ ಜಾಸ್ತಿ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಜಾರದ, ಗಟ್ಟಿ ಚಪ್ಪಲಿಯೇ ಇರಲಿ.

* ಕಸ, ಚಿಪ್ಸ್ ಪೊಟ್ಟಣ ವಾಪಸ್ ನಿಮ್ಮ ಚೀಲಕ್ಕೇ.

* ಮರಳುವ ಕೊನೆಯ ದೋಣಿ ಎಷ್ಟು ಗಂಟೆಗೆಂದು ಇಳಿಯುವಾಗಲೇ ಕೇಳಿಕೊಳ್ಳಿ. ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ವಿಷಯ. ನೋಡಲು ಶಾಂತವಾಗಿದ್ದರೂ ಇದು ಈಜುವ ಜಾಗವಲ್ಲ. ಪಾಚಿಗಟ್ಟಿದ ಬಂಡೆ ಜಾರುತ್ತದೆ, ಬಂಡೆಗಳ ನಡುವೆ ಅಲೆ ದಿಢೀರನೆ ನುಗ್ಗುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು. ಕಾವಲುಗಾರರು ಬೇಡ ಅಂದ ಕಡೆ ಫೋಟೋಗಾಗಿಯೂ ಹೋಗಬೇಡಿ. ಕುಮಾರಧಾರೆಯಲ್ಲಿ ಈಜು ಕಲಿತ ಮಕ್ಕಳಾದರೂ ಸರಿ, ಹೊಳೆಯ ಈಜೇ ಬೇರೆ, ಕಡಲೇ ಬೇರೆ.

ಹಾಗಾದರೆ ಇಡೀ ದಿನ ಮಕ್ಕಳ ಹಿಂದೆ ಓಡುವುದೇ ನಿಮ್ಮ ವಿಶ್ರಾಂತಿಯೇ? ಖಂಡಿತ ಅಲ್ಲ. ದೋಣಿ ಹತ್ತುವ ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ: ಮೊದಲ ಒಂದು ಗಂಟೆ ಮಕ್ಕಳು ಅವರ ಕಣ್ಗಾವಲಲ್ಲಿ, ಆಮೇಲೆ ನಿಮ್ಮದು. 'ಇಬ್ಬರೂ ನೋಡ್ತಿದ್ದೇವೆ' ಅಂದರೆ ಎಷ್ಟೋ ಸಲ ಯಾರೂ ನೋಡುತ್ತಿರುವುದಿಲ್ಲ. ಸರದಿ ಇದ್ದರೆ ಮಕ್ಕಳೂ ಕ್ಷೇಮ, ನಿಮಗೂ ಬಿಡುವು.

ಆ ಒಂದು ಗಂಟೆ ಫೋನ್ ಚೀಲದೊಳಗಿರಲಿ. ತೆಂಗಿನ ನೆರಳಲ್ಲಿ ಸುಮ್ಮನೆ ಕುಳಿತುಕೊಳ್ಳಿ. 'ರಾತ್ರಿಗೆ ಏನು ಸಾರು?' ಎಂದು ಯಾರೂ ಕೇಳದ ಒಂದು ಗಂಟೆ ವರ್ಷಕ್ಕೊಮ್ಮೆಯಾದರೂ ನಿಮಗೆ ಸಿಗಲೇಬೇಕು!