ಗದ್ದಲದ ವಾದ್ಯವೂ ಹೊಸ ವಿದ್ಯಾರ್ಥಿಯೂ

ಮೂವತ್ತೈದು ವರ್ಷಗಳ ಕಾಲ ಪಾಠಶಾಲೆಯಲ್ಲಿ ನಾನು ಅತ್ಯಧಿಕವಾಗಿ ಉಚ್ಚರಿಸಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ, ಅದು ಕಾಳಿದಾಸನ ಶ್ಲೋಕವೂ ಅಲ್ಲ, ಪಾಣಿನಿಯ ಸೂತ್ರವೂ ಅಲ್ಲ. “ಗಲಾಟೆ ಮಾಡಬೇಡಿರಿ” ಎಂಬುದೇ ಆಗಿದೆಯೆಂದು ಒಪ್ಪಿಕೊಳ್ಳಬೇಕು. ಅಂತಹ ನಾನು ನಿವೃತ್ತನಾದ ಮೇಲೆ ಮನೆಯ ಪಡಸಾಲೆಯಲ್ಲಿ ಕುಳಿತು, ಗಲಾಟೆ ಮಾಡುವ ವಿದ್ಯುದ್ವಾದ್ಯವೊಂದನ್ನು ಸ್ವಹಸ್ತದಿಂದ ಕಟ್ಟಿದೆನೆಂದರೆ ವಾಚಕ ಮಹಾಶಯರು ನಗಬಹುದು. ನಗಲಿ, ಆದರೆ ಅದರಿಂದ ನಾನು ಕಲಿತದ್ದೇನೆಂಬುದನ್ನು ಅರಿಕೆ ಮಾಡಿಕೊಳ್ಳಲು ಅವಕಾಶ ಕೊಡಲಿ.

ಶಬ್ದವು ಧ್ವನ್ಯಾತ್ಮಕವೆಂದೂ ವರ್ಣಾತ್ಮಕವೆಂದೂ ಎರಡು ಬಗೆಯೆಂಬುದನ್ನು ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲರೂ ಬಲ್ಲರು. ಭೇರಿಯ ಸದ್ದು ಮೊದಲನೆಯದು, ನಮ್ಮ ಮಾತು ಎರಡನೆಯದು. ಧ್ವನಿಗಳಲ್ಲಿ ಮನಸ್ಸನ್ನು ರಂಜಿಸತಕ್ಕವುಗಳನ್ನು ಸಂಗೀತಶಾಸ್ತ್ರಜ್ಞರು ಸ್ವರಗಳೆಂದು ಆರಿಸಿಕೊಂಡರು. ಉಳಿದವುಗಳ ಗತಿಯೇನು? ಗಾಣದ ಕಿರುಗುಟ್ಟುವಿಕೆ, ಹಂಚಿನ ಮೇಲೆ ಬೀಳುವ ಮಳೆ, ರೈಲುಬಂಡಿಯ ಅಬ್ಬರ, ಇವುಗಳನ್ನು ಕೇಳುವುದೇ ಬೇಡವೆ? ಇಟಲಿ ದೇಶದ ಲೂಯಿಜಿ ರುಸ್ಸೊಲೊ ಎಂಬ ಚಿತ್ರಕಾರನು 1913ರಲ್ಲಿ ಇದೇ ಪ್ರಶ್ನೆಯನ್ನೆತ್ತಿ, ಗದ್ದಲವೂ ಕಲೆಗೆ ಅರ್ಹವೆಂದು ಸಾರಿ, ಹಿಡಿಕೆಯನ್ನು ತಿರುಗಿಸಿದರೆ ಗುಡುಗುವ, ಸಿಳ್ಳಿಡುವ ಪೆಟ್ಟಿಗೆಗಳನ್ನು ಕಟ್ಟಿದನು. 1960ರ ದಶಕದಲ್ಲಿ ಅಮೆರಿಕದ ರೀಡ್ ಗಝಾಲಾ ಎಂಬ ತರುಣನ ಮೇಜಿನ ಸೆಳೆಖಾನೆಯಲ್ಲಿದ್ದ ಚಿಕ್ಕದೊಂದು ಆಂಪ್ಲಿಫೈಯರ್ ಲೋಹಕ್ಕೆ ತಗುಲಿ, ತನ್ನಷ್ಟಕ್ಕೆ ವಿಚಿತ್ರವಾಗಿ ಕೂಗತೊಡಗಿತು. ಬೇರೆಯವರು ಕೆಟ್ಟಿತೆಂದು ಎಸೆಯುತ್ತಿದ್ದ ಆ ವಸ್ತುವಿನಿಂದ ಅವನು ಹೊಸ ವಾದ್ಯಗಳ ದಾರಿಯನ್ನೇ ಕಂಡುಕೊಂಡನು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯುನ್ಮಾನ ಸಂಗೀತದ ಕಾರ್ಯಶಾಲೆಯು 1969ರಲ್ಲಿಯೇ ಏರ್ಪಟ್ಟಿತು. ನಮ್ಮ ಮನೆಗಳಲ್ಲಿ ಹಾಡುವವರ ಪಕ್ಕದಲ್ಲಿ ಕುಳಿತಿರುವ ವಿದ್ಯುತ್ ಶ್ರುತಿಪೆಟ್ಟಿಗೆಯೂ ಇದೇ ವಂಶದ್ದು. ಅದು ಶಿಸ್ತು ಕಲಿತ ಅಣ್ಣ, ಇದು ತುಂಟ ತಮ್ಮ, ಅಷ್ಟೇ ಭೇದ.

ಇನ್ನು ಪ್ರಕೃತಕ್ಕೆ ಬರುತ್ತೇನೆ. ನನ್ನ ತಮ್ಮನ ಮಗನು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದಾನೆ. ಅವನು ಹೈಸ್ಕೂಲಿನಲ್ಲಿದ್ದಾಗ ಅವನಿಗೆ ಸಂಸ್ಕೃತದ ಶಬ್ದರೂಪಗಳನ್ನು ಕಲಿಸಲು ಎರಡು ಬೇಸಿಗೆ ಹೆಣಗಿದೆನು. ಐದು ವಿಭಕ್ತಿಗಳನ್ನು ಸರಾಗವಾಗಿ ಒಪ್ಪಿಸಿ ಷಷ್ಠಿಗೆ ಬಂದೊಡನೆ ತಡವರಿಸುತ್ತಿದ್ದನು. ಒಂದು ದಿನ ನಾನು ತಾಳ್ಮೆಗೆಟ್ಟು, “ಇವನ ತಲೆಯಲ್ಲಿ ಬರಿಯ ಗದ್ದಲ; ವಿದ್ಯೆಗೆ ಎಡೆಯಿಲ್ಲ” ಎಂದು ಅವನ ತಂದೆತಾಯಿಗಳ ಸಮಕ್ಷಮದಲ್ಲಿಯೇ ಅಂದುಬಿಟ್ಟೆನು. ಆ ಬಳಿಕ ಹುಡುಗನು ಪುಸ್ತಕ ಹಿಡಿದು ನನ್ನ ಬಳಿಗೆ ಬರಲಿಲ್ಲ. ಹಬ್ಬಕ್ಕೆ ಬಂದರೆ ನಮಸ್ಕಾರ ಮಾಡಿ ದೂರ ಸರಿಯುತ್ತಿದ್ದನು.

ಕಳೆದ ದಸರೆಗೆ ಬಂದವನು ಮಹಡಿಯ ಮೇಲೆ ಒಬ್ಬನೇ ಏನನ್ನೋ ಕೂಗಿಸುತ್ತಿದ್ದನು. ಗದರಿಸಬೇಕೆಂದೇ ಮೆಟ್ಟಿಲು ಹತ್ತಿದ ನಾನು, ದೀಪದ ಮುಂದೆ ಅವನು ಕೈಯಾಡಿಸಿದಂತೆಲ್ಲ ಆ ಧ್ವನಿಯು ಏರಿಳಿಯುವುದನ್ನು ಕಂಡು ಬೆರಗಾಗಿ ನಿಂತೆನು. ಗದರಿಕೆಯು ಗಂಟಲಲ್ಲಿಯೇ ಉಳಿಯಿತು. “ಇದನ್ನು ನನಗೂ ಕಲಿಸುವೆಯಾ?” ಎಂದೆನು. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಕೂತ್ಕೊಳ್ಳಿ ದೊಡ್ಡಪ್ಪಾ” ಎಂದನು.

ಆರಂಭಿಕನಿಗೆ ಬೇಕಾಗುವ ಸಾಮಗ್ರಿಯು ಅಲ್ಪ. 40106 ಎಂಬ ಅಂಕೆಯುಳ್ಳ, ಹದಿನಾಲ್ಕು ಕಾಲುಗಳ ಒಂದು ಚಿಪ್ಪು, 100 ಕಿಲೋ ಓಮಿನ ಎರಡು ರೆಸಿಸ್ಟರುಗಳು, ಅಂದರೆ ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ರೋಧಕಗಳು, 0.1 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಡುವ ಧಾರಕ, 9 ವೋಲ್ಟಿನ ಬ್ಯಾಟರಿ, ತಂತಿಯ ತುಂಡುಗಳು, ಬೆಸುಗೆಯಿಲ್ಲದೆ ಇವುಗಳನ್ನು ಸಿಕ್ಕಿಸಲು ತೂತುಗಳುಳ್ಳ ಬ್ರೆಡ್‌ಬೋರ್ಡ್, ಬ್ಯಾಟರಿಯಿಂದ ನಡೆಯುವ, ಸ್ಪೀಕರ್ ಸಹಿತವಾದ ಪುಟ್ಟ ಆಂಪ್ಲಿಫೈಯರ್. ಬೆಂಗಳೂರಿನವರಿಗೆ ಇವೆಲ್ಲವೂ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ.

ಚಿಪ್ಪಿನ ಕಚ್ಚನ್ನು ಎಡಗಡೆಗೆ ಇಟ್ಟುಕೊಂಡರೆ ಕೆಳಸಾಲಿನ ಎಡತುದಿಯದು 1ನೆಯ ಕಾಲು, ಬಲತುದಿಯದು 7ನೆಯದು; ಮೇಲಿನ ಸಾಲಿನಲ್ಲಿ ಬಲದಿಂದ ಎಡಕ್ಕೆ 8ರಿಂದ 14. ಬ್ಯಾಟರಿಯ ಧನಾಗ್ರವನ್ನು 14ಕ್ಕೂ ಋಣಾಗ್ರವನ್ನು 7ಕ್ಕೂ ಸೇರಿಸತಕ್ಕದ್ದು. ಒಂದು ರೋಧಕವು 1 ಮತ್ತು 2ನೆಯ ಕಾಲುಗಳ ನಡುವೆ ಇರಲಿ. ಧಾರಕವು 1ನೆಯ ಕಾಲಿಗೂ ಋಣಾಗ್ರಕ್ಕೂ ನಡುವೆ ಇರಲಿ. ಉಪಯೋಗಿಸದ 3, 5, 9, 11, 13ನೆಯ ಕಾಲುಗಳನ್ನು ಋಣಾಗ್ರಕ್ಕೆ ಕಟ್ಟಿಬಿಡಬೇಕು. 2ನೆಯ ಕಾಲಿನಿಂದ ಎರಡನೆಯ ರೋಧಕದ ಮೂಲಕ ಆಂಪ್ಲಿಫೈಯರಿನ ಒಳದಾರಿಗೂ, ಅದರ ಇನ್ನೊಂದು ತಂತಿಯನ್ನು ಋಣಾಗ್ರಕ್ಕೂ ಜೋಡಿಸಿದರೆ ದುಂಬಿಯ ಝೇಂಕಾರದಂತಹ ಧ್ವನಿಯು ಹೊರಡುತ್ತದೆ.

ಇದರ ಮರ್ಮವು ನಮ್ಮ ಹಿರಿಯರಿಗೆ ಅಪರಿಚಿತವಾದದ್ದಲ್ಲ. ಹಿಂದೆ ಮುಹೂರ್ತವನ್ನು ಅಳೆಯಲು ತಳದಲ್ಲಿ ರಂಧ್ರವುಳ್ಳ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರಷ್ಟೆ. ಬಟ್ಟಲು ತುಂಬಿ ಮುಳುಗಿದೊಡನೆ ಎತ್ತಿ, ಬರಿದು ಮಾಡಿ, ಮತ್ತೆ ತೇಲಿಬಿಡುವರು. ಇಲ್ಲಿ ಧಾರಕವೇ ಬಟ್ಟಲು, ರೋಧಕವೇ ರಂಧ್ರ, ಚಿಪ್ಪೇ ಕಾವಲು ಕುಳಿತ ಜೋಯಿಸ. ಧಾರಕವು ಒಂದು ಮಟ್ಟಕ್ಕೆ ತುಂಬಿದೊಡನೆ ಚಿಪ್ಪು ಅದನ್ನು ಬರಿದಾಗಿಸತೊಡಗುತ್ತದೆ. ಕೆಳಗಿನ ಮಟ್ಟಕ್ಕೆ ಇಳಿದೊಡನೆ ಮತ್ತೆ ತುಂಬಿಸತೊಡಗುತ್ತದೆ. ಇದು ಒಂದು ಸೆಕೆಂಡಿಗೆ ನೂರಾರು ಸಲ ನಡೆದರೆ ನಮ್ಮ ಕಿವಿಗೆ ಧ್ವನಿ. ಬಟ್ಟಲನ್ನು ದೊಡ್ಡದು ಮಾಡಿ 10 ಮೈಕ್ರೋಫ್ಯಾರಡಿನ ಧಾರಕವನ್ನು ಅದರ ಋಣದ ಗುರುತು ಬ್ಯಾಟರಿಯ ಋಣಾಗ್ರದ ಕಡೆಗಿರುವಂತೆ ಇಟ್ಟರೆ, ಝೇಂಕಾರವು ಗೋಡೆಗಡಿಯಾರದ ಟಿಕ್ ಟಿಕ್ಕಾಗುತ್ತದೆ. 1 ಮತ್ತು 2ನೆಯ ಕಾಲುಗಳ ನಡುವಿನ ರೋಧಕವನ್ನು ತೆಗೆದು ಅಲ್ಲಿ ಬೆಳಕಿಗೆ ಸ್ಪಂದಿಸುವ ಎಲ್.ಡಿ.ಆರ್. ಎಂಬುದನ್ನು ಇಟ್ಟರೆ, ಬೆಳಕು ಹೆಚ್ಚಿದಂತೆ ತಡೆಯು ತಗ್ಗಿ ಧ್ವನಿಯು ಏರುತ್ತದೆ. ಕೈಯ ನೆರಳು ಬಿದ್ದರೆ ಇಳಿಯುತ್ತದೆ. ಮಹಡಿಯಲ್ಲಿ ನಾನು ಕಂಡ ಚಮತ್ಕಾರವು ಇದೇ. ಇಂತಹ ಆರು ಕಂಠಗಳು ಆ ಒಂದೇ ಚಿಪ್ಪಿನಲ್ಲಿ ಅಡಗಿವೆ.

ಇಲ್ಲಿ ಎರಡು ಎಚ್ಚರಿಕೆಗಳು. ಮನೆಯ ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಈ ಆಟಕ್ಕೆ ಎಂದಿಗೂ ತರಕೂಡದು. ಎಲ್ಲವೂ ಬ್ಯಾಟರಿಯಿಂದಲೇ ನಡೆಯಬೇಕು. ಹಾಗೆಯೇ ಕಿವಿಗೆ ಹಾಕಿಕೊಳ್ಳುವ ಸಾಧನಗಳಲ್ಲಿ ಕೇಳದೆ, ಧ್ವನಿಯನ್ನು ತಗ್ಗಿಸಿಟ್ಟು ಸ್ಪೀಕರಿನಲ್ಲಿಯೇ ಕೇಳತಕ್ಕದ್ದು. ಇದ್ದಕ್ಕಿದ್ದಂತೆ ಏಳುವ ಚೀತ್ಕಾರವು ಕಿವಿಗೆ ಕೇಡು.

ಇಷ್ಟನ್ನೂ ನಾನು ಶ್ರದ್ಧೆಯಿಂದ ಕಟ್ಟಿ ಬ್ಯಾಟರಿಯನ್ನು ಜೋಡಿಸಿದೆನು. ಪೆಟ್ಟಿಗೆಯು ಮೌನವಾಗಿತ್ತು! ಜೀವಮಾನವೆಲ್ಲ ಮೌನವನ್ನು ಬೇಡಿದವನಿಗೆ ಆ ಮೌನವು ಎಷ್ಟು ಅಸಹ್ಯವಾಯಿತೆಂದು ಹೇಳಲಾರೆ. ಎರಡು ಸಲ ಕಿತ್ತು ಕಟ್ಟಿದರೂ ಫಲವಿಲ್ಲ. ಕೈ ನಡುಗಿತು, ಮುಖ ಕೆಂಪೇರಿತು. “ಈ ವಯಸ್ಸಿನಲ್ಲಿ ನನ್ನ ತಲೆಗೆ ಇದು ಹತ್ತುವುದಿಲ್ಲ” ಎಂದು ಎದ್ದೆನು. ನಾನು ಅವನಿಗೆ ಅಂದದ್ದನ್ನೇ ಅವನು ನನಗೆ ಅನ್ನಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೆ ಹುಡುಗನು, “ಎಲ್ಲೀತನಕ ಸರಿಯಾಗಿದೆ ಅಂತ ಮೊದಲು ನೋಡೋಣ ದೊಡ್ಡಪ್ಪಾ” ಎಂದು ಮಲ್ಟಿಮೀಟರನ್ನು ಕೈಗೆ ತೆಗೆದುಕೊಂಡನು. ಬ್ಯಾಟರಿಯಲ್ಲಿ 9 ವೋಲ್ಟ್ ಇದೆ, ಸರಿ. 14ನೆಯ ಕಾಲಿಗೆ ಬಂದಿದೆ, ಸರಿ. ರೋಧಕವೂ ಸರಿ. ಹೀಗೆ ಸರಿಯಿದ್ದುದನ್ನೆಲ್ಲ ಎಣಿಸುತ್ತ ಬಂದು, ಧಾರಕದ ಒಂದು ಕಾಲು ಪಕ್ಕದ ತೂತಿಗೆ ಹೋಗಿರುವುದನ್ನು ಬೆರಳಿನಿಂದ ತೋರಿಸಿ, ಸರಿಪಡಿಸುವುದನ್ನು ನನಗೇ ಬಿಟ್ಟನು. ನಾನು ಅದನ್ನು ಕಿತ್ತು ಸಿಕ್ಕಿಸಿದೊಡನೆ ಪೆಟ್ಟಿಗೆಯು ಝೇಂಕರಿಸಿತು.

ಮೂವತ್ತೈದು ವರ್ಷ ನಾನು ಪಾಠ ಹೇಳಿದ್ದು ಇದಕ್ಕೆ ವಿಪರೀತವಾದ ಕ್ರಮದಲ್ಲಿ. ಎಲ್ಲಿ ತಪ್ಪಿದನೆಂಬುದನ್ನೇ ಹುಡುಕಿ ಕೆಂಪು ಗೆರೆಯನ್ನು ಎಳೆದೆನೇ ಹೊರತು, ಎಲ್ಲಿಯವರೆಗೆ ಸರಿಯಾಗಿ ಬಂದನೆಂದು ಜೊತೆಯಲ್ಲಿ ನಡೆದು ನೋಡಲಿಲ್ಲ. ಹುಡುಗನು ಐದು ವಿಭಕ್ತಿಗಳನ್ನು ದಾಟಿ ಬಂದಿದ್ದನು. ಷಷ್ಠಿಯಲ್ಲಿ ಒಂದು ಕಾಲು ಪಕ್ಕದ ತೂತಿಗೆ ಹೋಗಿತ್ತು, ಅಷ್ಟೆ. ಹಿತವಾದ ಮಾತು ಬಾಲಕನಿಂದ ಬಂದರೂ ಗ್ರಾಹ್ಯವೆಂದು ತರಗತಿಯಲ್ಲಿ ಬೋಧಿಸಿದವನು ಅದನ್ನು ಗ್ರಹಿಸಿದ್ದು ನಿವೃತ್ತನಾದ ಮೇಲೆ.

ಆ ಸಾಯಂಕಾಲ ಅವನ ಕೈಯನ್ನು ಹಿಡಿದು, “ಅಂದು ನಾನು ಆಡಿದ ಮಾತು ತಪ್ಪಾಯಿತಪ್ಪಾ” ಎಂದೆನು. “ಯಾವ ಮಾತು ದೊಡ್ಡಪ್ಪಾ?” ಎಂದು ಅವನು ಎಲ್.ಡಿ.ಆರಿನ ಮೇಲೆ ಕೈಯಾಡಿಸಿದನು. ಪೆಟ್ಟಿಗೆಯು ಕೂಗಿ ನನ್ನ ಉತ್ತರವನ್ನು ಮುಚ್ಚಿತು. ನಿಜವಾಗಿ ಮರೆತಿದ್ದನೋ, ಮರೆತಂತೆ ನಟಿಸಿದನೋ ತಿಳಿಯದು. ಈಗ ಭಾನುವಾರಗಳಲ್ಲಿ ತಪ್ಪದೆ ಬರುತ್ತಾನೆ. ಮೂರನೆಯ ಕಂಠವನ್ನು ಕಟ್ಟುತ್ತಿದ್ದೇವೆ.

ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ನಿಮ್ಮ ಮನೆಯ ಮಹಡಿಯ ಮೇಲಿಂದ ಕರ್ಕಶವಾದ ಸದ್ದೇನಾದರೂ ಕೇಳಿಬಂದರೆ ಕೆಳಗಿನಿಂದಲೇ ಗದರಿಸಬೇಡಿರಿ. ಮೆಟ್ಟಿಲು ಹತ್ತಿ ಹೋಗಿ, ಪಕ್ಕದಲ್ಲಿ ಕುಳಿತು, ಅದು ಹೇಗೆ ಹೊರಡುತ್ತದೆಂದು ಒಮ್ಮೆ ಕೇಳಿರಿ.