ರೋಮನ್ ಸ್ನಾನಗೃಹದ ಬಿಸಿನೀರ ತೊಟ್ಟಿ: ಶಾಖವನ್ನು ಉಳಿಸಿಕೊಂಡ ಬಗೆ

ಪ್ರಾಚೀನ ರೋಮನರ ಸ್ನಾನಗೃಹಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವುಗಳ ವೈಭವವನ್ನೂ ಅಲ್ಲಿ ನೆರೆಯುತ್ತಿದ್ದ ಜನಸಮೂಹವನ್ನೂ ವರ್ಣಿಸಿ ಮುಗಿಸುವುದುಂಟು. ಅವುಗಳ ಕೆಲಸದ ಕಡೆಗೆ ಗಮನ ಹರಿಯುವುದು ಕಡಮೆ. ನೀರನ್ನು ಒಮ್ಮೆ ಕಾಯಿಸುವುದು ದೊಡ್ಡ ವಿದ್ಯೆಯೇನೂ ಅಲ್ಲ. ಹತ್ತಾರು ಜನ ಇಳಿದು ಏಳುವ ತೊಟ್ಟಿಯನ್ನು ನಡುಹಗಲಿನಿಂದ ಸಂಜೆಯವರೆಗೆ ಬಿಸಿಯಾಗಿಯೇ ಇರಿಸುವುದು ಕಷ್ಟ. ಆದುದರಿಂದ ತೊಟ್ಟಿ ಆರುವುದೇಕೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ, ಬರಿಯ ಆಡಂಬರವೆಂದು ತೋರುವ ಎಷ್ಟೋ ಅಂಗಗಳು ಅರ್ಥವಾಗುತ್ತವೆಂದು ನಾವು ಭಾವಿಸುತ್ತೇವೆ.

ತೊಟ್ಟಿಯ ಶಾಖವು ನೆಲಕ್ಕೂ ಗೋಡೆಗೂ ಹರಿದು ಹೋಗುತ್ತದೆ. ಹೊಸದಾಗಿ ಬಂದು ಸೇರುವ ತಣ್ಣೀರು ಅದನ್ನು ಕುಗ್ಗಿಸುತ್ತದೆ. ಆದರೆ ಬಹುಪಾಲು ನಷ್ಟವಾಗುವುದು ನೀರಿನ ಮೇಲ್ಮೈಯಿಂದ ಏಳುವ ಆವಿಯ ಮೂಲಕ. ಸ್ನಾನಕ್ಕೆ ತಕ್ಕ ಬಿಸಿಯಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗುವಾಗ ಕೊಂಡೊಯ್ಯುವ ಶಾಖವು, ಸುಮಾರು 575 ಕಿಲೋಗ್ರಾಂ ನೀರನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ತಣಿಸಬಲ್ಲುದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಕ್ರಿಸ್ತಪೂರ್ವ ಒಂದನೆಯ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಐದನೆಯ ಸಂಪುಟದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದ್ದಾನೆ. ಒಲೆಯ ಮೇಲೆ ಕಂಚಿನ ಮೂರು ಪಾತ್ರೆಗಳಿರಬೇಕು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ಉಗುರುಬೆಚ್ಚಗಿನದು, ಮತ್ತೊಂದರಲ್ಲಿ ತಣ್ಣೀರು. ಬಿಸಿನೀರು ಹೊರಟಷ್ಟು ಉಗುರುಬೆಚ್ಚಗಿನ ನೀರೂ, ಅದು ಹೋದಷ್ಟು ತಣ್ಣೀರೂ ಮುಂದಿನ ಪಾತ್ರೆಗೆ ಇಳಿಯಬೇಕು. ಹೀಗಾಗಿ ಬಿಸಿನೀರ ಪಾತ್ರೆಗೆ ತಣ್ಣೀರು ನೇರವಾಗಿ ಬಂದು ಬೀಳುವ ಸಂದರ್ಭವೇ ಒದಗುವುದಿಲ್ಲ.

ಇಷ್ಟಾದರೂ ತೊಟ್ಟಿಗೆ ಒಮ್ಮೆ ಸುರಿದ ನೀರು ಆರದಿರದು. ಇದಕ್ಕೆ ಅವರು ಕಂಡುಕೊಂಡ ಉಪಾಯವೇ ‘ಟೆಸ್ಟುಡೊ’, ಎಂದರೆ ಆಮೆ. ಇದು ಉರುಳೆಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತಿರುವ ಕಂಚಿನ ಪಾತ್ರೆ. ಇದರ ಒಂದು ತುದಿ ತೊಟ್ಟಿಗೆ ತೆರೆದುಕೊಂಡಿರುತ್ತದೆ. ಚಪ್ಪಟೆಯಾದ ತಳ ಒಲೆಯ ಬಿಸಿಹೊಗೆಯ ಮೇಲೆ ನಿಂತಿರುತ್ತದೆ. ಕ್ರಿ. ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಲ್ಲಿ ಹೂತುಹೋದ ಪಾಂಪೆಯಿಯ ಸ್ಟೇಬಿಯನ್ ಸ್ನಾನಗೃಹದಲ್ಲಿ, ಹೆಂಗಸರ ಬಿಸಿಕೋಣೆಯಲ್ಲಿ, ಇಂಥದೊಂದು ದೊರೆತಿದೆ. ಅದರ ತಳವು ತೊಟ್ಟಿಯ ತಳಕ್ಕಿಂತ ತುಸು ತಗ್ಗಿನಲ್ಲಿರುವುದನ್ನು ಗಮನಿಸಬೇಕು. ಆರಿದ ನೀರು ಭಾರವಾಗಿ ಆ ತಗ್ಗಿಗೆ ಇಳಿಯುತ್ತದೆ. ಅಲ್ಲಿ ಕಾದು, ಹಗುರಾಗಿ, ಮೇಲುಭಾಗದಿಂದ ಮತ್ತೆ ತೊಟ್ಟಿಗೆ ಹರಿಯುತ್ತದೆ. ಯಂತ್ರವಿಲ್ಲ, ಕೈಯಾಡಿಸುವ ಆಳೂ ಬೇಕಿಲ್ಲ. ನಮ್ಮ ಬಚ್ಚಲುಮನೆಯ ಹಂಡೆಯಿಂದ ನೀರನ್ನು ತೋಡಿಕೊಳ್ಳುತ್ತೇವೆ. ಇಲ್ಲಿಯಾದರೋ ಹಂಡೆಯೇ ತೊಟ್ಟಿಯ ಒಂದು ಭಾಗವಾಗಿ ನಿಂತಿದೆ. ಆದರೆ ಗುಣವಿದ್ದಲ್ಲಿಯೇ ದೋಷವೂ ಇದೆ. ಮೈಯ ಎಣ್ಣೆ, ಕೊಳೆ, ಮರಳು ಎಲ್ಲವೂ ಬಂದು ಸೇರುವುದು ಆ ತಗ್ಗಿಗೇ. ಗಡಸು ನೀರಿನ ಪ್ರದೇಶದಲ್ಲಿ ಸುಣ್ಣದ ಗಸಿಯೂ ತಳಕ್ಕೆ ಹತ್ತಿಕೊಂಡರೆ, ಎಷ್ಟು ಸೌದೆ ಉರಿಸಿದರೂ ಶಾಖ ನೀರಿಗೆ ದಾಟುವುದು ಮಂದವಾಗುತ್ತದೆ. ಒಲೆಯವನು ಬೆಂಕಿಯನ್ನು ಹೆಚ್ಚಿಸಿದರೆ ಸಾಲದು; ತಳವನ್ನು ಉಜ್ಜಬೇಕಾಗಿದ್ದಿತು.

ಆವಿಯ ನಷ್ಟಕ್ಕೆ ಮಾತ್ರ ಒಲೆಯಲ್ಲಿ ಪರಿಹಾರವಿಲ್ಲ, ಅದು ಕೋಣೆಯಲ್ಲಿದೆ. ಕೋಣೆಯ ಗಾಳಿ ಬಿಸಿಯಾಗಿಯೂ ತೇವದಿಂದ ತುಂಬಿಯೂ ಇದ್ದರೆ ನೀರು ಆವಿಯಾಗುವುದು ತಾನಾಗಿಯೇ ಕುಗ್ಗುತ್ತದೆ. ಎರಡಡಿ ಎತ್ತರದ ಇಟ್ಟಿಗೆಯ ಗಿಡ್ಡಗಂಬಗಳ ಮೇಲೆ ನೆಲವನ್ನು ನಿಲ್ಲಿಸಿ, ಅದರಡಿಯಲ್ಲಿ ಬಿಸಿಹೊಗೆಯನ್ನು ಹರಿಯಿಸಿದುದು ಸ್ನಾನ ಮಾಡುವವರ ಕಾಲಿನ ಸುಖಕ್ಕಾಗಿ ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗೋಡೆಯೊಳಗೆ ಕೊಳವೆಗಳನ್ನಿಟ್ಟು ಮೇಲಕ್ಕೂ ಕೆಳಕ್ಕೂ ಒಂದೇ ಸಮನಾಗಿ ಶಾಖ ಹರಡುವ ಪದ್ಧತಿ ತನ್ನ ಕಾಲದಲ್ಲಿಯೇ ಬಂದ ಹೊಸತೆಂದು ಕ್ರಿ. ಶ. ಒಂದನೆಯ ಶತಮಾನದ ಸೆನೆಕ ತನ್ನ ಪತ್ರವೊಂದರಲ್ಲಿ ಹೇಳುತ್ತಾನೆ. ಅವನಿಗೆ ಇದು ಭೋಗಲಾಲಸೆಯ ಕುರುಹು. ನೀತಿಬೋಧಕನ ಕಣ್ಣಿಗೆ ಹಾಗೆ ಕಂಡುದು ಸಹಜವಾದರೂ, ಬಿಸಿಗೋಡೆಯು ತೊಟ್ಟಿಯ ಶಾಖವನ್ನು ಕಾಯುತ್ತಿದ್ದಿತೆಂಬುದನ್ನು ಇತಿಹಾಸಕಾರನು ಬಿಡಲಾಗದು.

ಕಿಟಕಿಗಳ ವಿವಾದವೂ ಇದಕ್ಕೆ ಸಂಬಂಧಿಸಿದುದು. ಎರಡನೆಯ ಶತಮಾನದ ಆಸ್ಟಿಯ ನಗರದ ಫೋರಂ ಸ್ನಾನಗೃಹದಲ್ಲಿ ಬಿಸಿಕೋಣೆಗಳಿಗೆ ವಿಶಾಲವಾದ ಕಿಟಕಿಗಳಿವೆ. ಅವುಗಳಿಗೆ ಗಾಜೇ ಇರಲಿಲ್ಲವೆಂದು 1956ರಲ್ಲಿ ಥ್ಯಾಚರ್ ವಾದಿಸಿದರು. 1996ರಲ್ಲಿ ರಿಂಗ್ ಎಂಬವರು ಶಾಖದ ಲೆಕ್ಕವನ್ನು ಹೊಸದಾಗಿ ಹಾಕಿ, ಗಾಜಿಲ್ಲದೆ ಆ ಕೋಣೆಗಳು ಸ್ನಾನಕ್ಕೆ ತಕ್ಕಷ್ಟು ಬಿಸಿಯಾಗಿರಲಾರವೆಂದು ತೋರಿಸಿದರು. ತೆರೆದ ಕಿಟಕಿಯಿಂದ ಒಣಗಾಳಿ ನುಗ್ಗಿದರೆ ಆವಿಯ ನಷ್ಟ ಇಮ್ಮಡಿಸುವುದನ್ನು ನೆನೆದರೆ, ಎರಡನೆಯ ಅಭಿಪ್ರಾಯವೇ ನಮಗೆ ಸಮ್ಮತ.

ಇಂಗ್ಲೆಂಡಿನ ಬಾತ್ ನಗರದ ದೊಡ್ಡ ಕೊಳಕ್ಕೆ ಈ ಯಾವ ಕಷ್ಟವೂ ಇಲ್ಲ. ಅಲ್ಲಿ ಸುಮಾರು 46 ಸೆಂಟಿಗ್ರೇಡ್ ಡಿಗ್ರಿಯ ಬುಗ್ಗೆಯಿಂದ ದಿನಕ್ಕೆ ಹನ್ನೊಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಹೊರಬರುತ್ತದೆ. ಆರಿದುದನ್ನು ಹೊಸ ನೀರೇ ತಳ್ಳಿಬಿಡುತ್ತದೆ.

ಉಳಿದೆಡೆಗಳಲ್ಲಿ ಕಂಚಿನ ಆಮೆಗಳು ಬಹುಮಟ್ಟಿಗೆ ಉಳಿದಿಲ್ಲ; ಬೆಲೆಬಾಳುವ ಲೋಹವಾದುದರಿಂದ ಕಿತ್ತು ಕರಗಿಸಲ್ಪಟ್ಟುವು. ಒಲೆಗೂ ತೊಟ್ಟಿಗೂ ನಡುವಣ ಗೋಡೆಯಲ್ಲಿ ಕಮಾನಿನಾಕಾರದ ತೆರವೊಂದು ಕಂಡುಬಂದರೆ, ಅದನ್ನು ಹೊಗೆಯ ದಾರಿಯೆಂದು ಕೂಡಲೆ ಬರೆದಿಡದೆ, ಅದು ತೊಟ್ಟಿಯ ತಳದ ಮಟ್ಟಕ್ಕೆ ಹೇಗಿದೆಯೆಂಬುದನ್ನು ಅಳೆದು ನೋಡಬೇಕು.