ಭೂ ವಿನಿಯೋಗ ಯೋಜನೆ: ಅಂಗೀಕಾರ ಮತ್ತು ಪರಿಷ್ಕರಣ

ಒಂದು ಜಿಲ್ಲೆಯ ನೆಲದಲ್ಲಿ ಎಲ್ಲಿ ಗದ್ದೆಯು ಗದ್ದೆಯಾಗಿಯೇ ಉಳಿಯಬೇಕು, ಎಲ್ಲಿ ಮನೆಗಳು ಏಳಬಹುದು, ಯಾವ ಕೆರೆಯ ಅಂಚಿನಲ್ಲಿ ಏನನ್ನೂ ಕಟ್ಟಕೂಡದು ಎಂಬ ನಿರ್ಣಯಕ್ಕೆ ಶಾಸನವು ದೀರ್ಘವಾದೊಂದು ಕ್ರಮವನ್ನು ವಿಧಿಸಿದೆ. ಆ ಕ್ರಮದ ನಡುವೆ ಸಾಮಾನ್ಯ ಪ್ರಜೆಗೆಂದೇ ಮೀಸಲಾದ ಅವಧಿಯೊಂದಿರುವುದನ್ನು ನಮ್ಮಲ್ಲಿ ಅರಿತವರು ವಿರಳ.

1992ರಲ್ಲಿ ಸಂವಿಧಾನಕ್ಕಾದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಜಿಲ್ಲೆಗೊಂದು ಯೋಜನಾ ಸಮಿತಿಯಿರಬೇಕೆಂದೂ, ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಮೆಯಿಲ್ಲದಷ್ಟು ಮಂದಿ ಪಂಚಾಯಿತಿ, ಪುರಸಭೆಗಳ ಚುನಾಯಿತ ಸದಸ್ಯರಿಂದಲೇ ಆಯ್ಕೆಯಾಗಿ ಬರಬೇಕೆಂದೂ ಗೊತ್ತುಪಡಿಸಿತು. ಹಳ್ಳಿ ಪಟ್ಟಣಗಳ ಯೋಜನೆಗಳನ್ನು ಕ್ರೋಡೀಕರಿಸಿ, ಜಲಾದಿ ನೈಸರ್ಗಿಕ ಸಂಪತ್ತಿನ ಹಂಚಿಕೆಯನ್ನೂ ಪರಿಸರ ಸಂರಕ್ಷಣೆಯನ್ನೂ ಲಕ್ಷ್ಯದಲ್ಲಿಟ್ಟು ಕರಡನ್ನು ರಚಿಸುವುದು ಸಮಿತಿಯ ಕರ್ತವ್ಯ. ಅದನ್ನು ರಾಜ್ಯ ಸರ್ಕಾರಕ್ಕೆ ಕಳುಹಿಸಿಕೊಡುವ ಹೊಣೆ ಅದರ ಅಧ್ಯಕ್ಷರದು. ಆದರೆ ಈ ಸಮಿತಿಯ ಕರಡು ಯಾರ ಹೊಲದ ಮೇಲೂ ಬಣ್ಣ ಬಳಿಯುವುದಿಲ್ಲ. ಸರ್ವೆ ನಂಬರಿನ ಮಟ್ಟಕ್ಕಿಳಿದು ನೆಲವನ್ನು ಬಂಧಿಸುವ ಬಲವಿರುವುದು, ಅಂದಿನ ಮೈಸೂರು ರಾಜ್ಯದಲ್ಲಿ ರೂಪುಗೊಂಡು 1965ರಲ್ಲಿ ಜಾರಿಗೆ ಬಂದ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಮೇರೆಗೆ ಸಿದ್ಧವಾಗುವ ಮಹಾಯೋಜನೆಗೆ.

ಸರ್ಕಾರವು ಮೊದಲು ಒಂದು ಊರನ್ನೂ ಅದರ ಸುತ್ತಣ ಹಳ್ಳಿಗಳನ್ನೂ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸುತ್ತದೆ. ಅಲ್ಲಿಯ ಯೋಜನಾ ಪ್ರಾಧಿಕಾರವು ನೆಲದ ಈಗಿನ ಬಳಕೆಯನ್ನು ಅಳೆದು, ಮುಂದಿನ ಬಳಕೆಯ ನಕ್ಷೆಯನ್ನೂ ವಲಯ ನಿಯಮಗಳನ್ನೂ ಸಿದ್ಧಪಡಿಸಿ, ಇಲಾಖೆಯ ನಿರ್ದೇಶಕರ ಮೂಲಕ ಸರ್ಕಾರಕ್ಕೆ ಒಪ್ಪಿಸುತ್ತದೆ. ಸರ್ಕಾರ ಮೊದಲು ಕೊಡುವುದು ತಾತ್ಕಾಲಿಕ ಅನುಮೋದನೆ ಮಾತ್ರ. ಅದಾದ ಮೇಲೆ ಯೋಜನೆಯು ಪ್ರಕಟವಾಗಿ, ಅರುವತ್ತು ದಿನಗಳೊಳಗೆ ಯಾರು ಬೇಕಾದರೂ ಲಿಖಿತವಾಗಿ ಆಕ್ಷೇಪಣೆ, ಸಲಹೆಗಳನ್ನು ಕೊಡಬಹುದು. ಪ್ರಾಧಿಕಾರವು ಅವನ್ನು ಪರಿಶೀಲಿಸಿ, ತನ್ನ ಶಿಫಾರಸುಗಳೊಡನೆ ಯೋಜನೆಯನ್ನು ಪುನಃ ಸಲ್ಲಿಸಿದ ಬಳಿಕವೇ ಅಂತಿಮ ಅಂಗೀಕಾರ.

ಈ ಅರುವತ್ತು ದಿನಗಳೇ ಇಡೀ ಕ್ರಮದ ಜೀವಸ್ಥಾನವೆಂದು ನನ್ನ ದೃಢವಾದ ಅಭಿಪ್ರಾಯ. ನಕ್ಷೆಯಲ್ಲಿ ಸಾಮಾನ್ಯವಾಗಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಸಂಸ್ಥೆಗಳಿಗೆ ಕೆಂಪು, ಉದ್ಯಾನ ಬೇಸಾಯಗಳಿಗೆ ಹಸಿರು ಬಣ್ಣಗಳಿರುತ್ತವೆ; ಅವುಗಳಡಿಯಲ್ಲಿ ಗ್ರಾಮದ ಗಡಿರೇಖೆಯೂ ಸರ್ವೆ ನಂಬರುಗಳೂ ಇರುವೆಯಷ್ಟು ಸಣ್ಣದಾಗಿ ಮೂಡಿರುತ್ತವೆ. ಪಹಣಿ ಹಿಡಿದು ಬಂದ ರೈತನು ಮೊದಲು ತನ್ನ ನಂಬರನ್ನು ಹುಡುಕಿ, ಅದರ ಮೇಲೆ ಬಿದ್ದಿರುವ ಬಣ್ಣವನ್ನು ನೋಡಿ, ತನ್ನ ತೆಂಗಿನ ತೋಟವನ್ನು ಸೀಳಿಹೋಗುವ ರಸ್ತೆಯ ಜೋಡಿಗೆರೆಯೇನಾದರೂ ಉಂಟೇ ಎಂದು ಪರೀಕ್ಷಿಸಬೇಕು; ಉಂಟಾದರೆ ಗ್ರಾಮ, ಹೋಬಳಿ, ಸರ್ವೆ ನಂಬರುಗಳನ್ನು ಕಾಣಿಸಿ, ಕಾರಣಸಹಿತವಾಗಿ ಅರ್ಜಿ ಬರೆದು, ಕೊಟ್ಟುದಕ್ಕೆ ಸ್ವೀಕೃತಿಯನ್ನು ಪಡೆದಿರಬೇಕು. ಖಾಸಗಿ ಹೊಲಕ್ಕಾದರೋ ಹೀಗೆ ಬಂದು ಕೇಳುವ ಒಡೆಯನಿದ್ದಾನೆ. ಗೋಮಾಳಕ್ಕೆ, ಗುಂಡುತೋಪಿಗೆ, ಮಳೆಗಾಲದಲ್ಲಿ ಮಾತ್ರ ಹರಿಯುವ ರಾಜಕಾಲುವೆಗೆ ಯಾರಿದ್ದಾರೆ? ಕೆರೆಯ ಅಂಗಳವು ಹಳದಿಯಾದಾಗ ಯಾವೊಬ್ಬನ ಪಹಣಿಗೂ ನಷ್ಟವಾಗುವುದಿಲ್ಲ. ಊರಿನ ನೀರಿಗೆ ನಷ್ಟ. ಆದುದರಿಂದ ಗ್ರಾಮಸಭೆಯು ನಕ್ಷೆಯನ್ನು ತರಿಸಿ, ಎಲ್ಲರೆದುರು ಹರಡಿ, ಕೆರೆ ಕಾಲುವೆಗಳನ್ನು ಒಂದೊಂದಾಗಿ ಗುರುತಿಸಿ, ಸಭೆಯ ನಿರ್ಣಯವನ್ನೇ ಆಕ್ಷೇಪಣೆಯಾಗಿ ಕಳುಹಿಸುವುದು ಅತ್ಯಾವಶ್ಯಕ.

ಅಂಗೀಕೃತವಾದ ಯೋಜನೆಯೂ ಶಾಶ್ವತವಲ್ಲ. ಹತ್ತು ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಷ್ಕರಿಸತಕ್ಕದ್ದೆಂದು ಅಧಿನಿಯಮ ಹೇಳುತ್ತದೆ. ಈ ನಡುವೆ ಬಿಡಿ ಬಿಡಿಯಾಗಿ ಬಳಕೆಯ ಬದಲಾವಣೆಯನ್ನು ಬಯಸುವವರಿಗೆ ಬೇರೊಂದು ವಿಧಿಯುಂಟು: ಬದಲಾವಣೆಯು ಸಾರ್ವಜನಿಕ ಹಿತಕ್ಕನುಗುಣವಾಗಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟವಾಗಬೇಕು, ಆಕ್ಷೇಪಣೆಗೆ ಹದಿನೈದು ದಿನಗಳಿಗೆ ಕಡಮೆಯಿಲ್ಲದ ಅವಕಾಶವಿರಬೇಕು, ಸರ್ಕಾರದ ಪೂರ್ವಾನುಮೋದನೆಯೂ ಬೇಕು. ಪತ್ರಿಕೆಯ ಒಳಪುಟದ ಆ ಕಿರು ಪ್ರಕಟಣೆಯನ್ನು ಓದುವವರು ಕೆಲವರೇ. ಸಮಗ್ರ ಪರಿಷ್ಕರಣವು ಕಾಲಕ್ಕೆ ಸರಿಯಾಗಿ ನಡೆಯದ ಕಡೆ ಈ ಬಿಡಿ ಬದಲಾವಣೆಗಳೇ ಒಂದರ ಮೇಲೊಂದು ಸೇರಿ, ಯಾರೂ ಒಟ್ಟಾಗಿ ವಿಚಾರಿಸದ ಮತ್ತೊಂದು ನಕ್ಷೆಯನ್ನು ನೆಲದ ಮೇಲೆ ಬರೆದುಬಿಡುತ್ತವೆ. ಹಸಿರು ವಲಯದ ಸವೆತಕ್ಕೆ ಇದೊಂದು ಮುಖ್ಯ ಕಾರಣವೆಂಬುದು ನನ್ನ ಎಣಿಕೆ.

ಬೆಂಗಳೂರಿನ ಸಂಗತಿಯನ್ನೇ ನೋಡಬಹುದು. 2015ನ್ನು ಗುರಿಯಾಗಿಟ್ಟುಕೊಂಡ ಅಲ್ಲಿಯ ಪರಿಷ್ಕೃತ ಮಹಾಯೋಜನೆಯು ಅಂಗೀಕಾರವಾದದ್ದು 2007ರಲ್ಲಿ. ಅದರ ಮುಂದಿನ, 2031ರವರೆಗಿನ ಕರಡು 2017ರಲ್ಲಿ ತಾತ್ಕಾಲಿಕ ಅನುಮೋದನೆ ಪಡೆದು, ಪ್ರಕಟವಾಗಿ, ನಾಗರಿಕರಿಂದ ಆಕ್ಷೇಪಣೆಗಳನ್ನೂ ಸ್ವೀಕರಿಸಿ, ಕೊನೆಗೆ 2020ರಲ್ಲಿ ಹಿಂದೆಗೆದುಕೊಳ್ಳಲ್ಪಟ್ಟಿತು. ಹತ್ತು ವರ್ಷದ ಅವಧಿ ಮುಗಿದ ಮೇಲೂ ಹಳೆಯ ಯೋಜನೆಯೇ ಮುಂದುವರಿಯಿತು. ಅಂದು ನಕ್ಷೆಯನ್ನು ನೋಡಿ ಶ್ರದ್ಧೆಯಿಂದ ಆಕ್ಷೇಪಣೆ ಬರೆದವರು, ಬೇರೊಂದು ಕರಡು ಪ್ರಕಟವಾದಾಗ ತಮ್ಮ ಸರ್ವೆ ನಂಬರನ್ನು ಪುನಃ ಹುಡುಕಿ, ಪುನಃ ಬರೆದು, ಪುನಃ ಸಲ್ಲಿಸಬೇಕು.